ಮೋಹನದಾಸ ಮಾವನ ಪರವಾಗಿ

ರಾತ್ರಿ ಊಟ ಮುಗಿಯುವ ಹೊತ್ತಿಗೆ ನಮ್ಮ ಸಿಡ್ನಿಯ ಮನೆಯ ಫೋನು ಬಡಿದುಕೊಂಡರೆ ಅದರ ಪುಟ್ಟ ಪರದೆಯ ಮೇಲೆ ಮೂಡುವ ನಂಬರು ಸೊನ್ನೆ ಮೂರರಿಂದ ಶುರುವಾಗುತ್ತಿತ್ತು. ಸೊನ್ನೆ ಮೂರು ಎಂದರೆ ಮೆಲ್ಬರ್ನ್. ನನ್ನ ಗಂಡ ಸುಕೇಶ್ ಕೈ ತೊಳೆದವರೇ ಫೋನು ಹಿಡಿದುಕೊಂಡು ಹಿತ್ತಿಲಿಗೆ ಹೋಗುತ್ತಿದ್ದರು. ಕಂಬದ ಮೇಲೆ ಕೊಡೆಯಂತೆ ಹರಡಿ ತಿರುಗುವ, ಬಟ್ಟೆ ಒಣಹಾಕುವ ತಂತಿಯ ಸುತ್ತ ನಡೆಯುತ್ತ ಮಾತಾಡುತ್ತಿದ್ದರು. ನಾನು ಅಡುಗೆಮನೆಯ ಕಿಟಕಿಯ ಬಳಿ ನಿಂತು ಪಾತ್ರೆ ತೊಳೆಯುತ್ತಿದ್ದೆ. ನಮ್ಮಲ್ಲಿ ಡಿಶ್‌ವಾಷರ್ ಇದೆ. ಆದರೂ ಆ ಎರಡು ತಿಂಗಳು ಎಲ್ಲ ಪಾತ್ರೆಗಳನ್ನೂ ಕೈಯಲ್ಲೇ ತೊಳೆದೆ.

ಫೋನು ಮಾಡುತ್ತಿದ್ದವಳು ಮಹಾಶ್ವೇತಾ. ಧಾರವಾಡದವಳು. ಮೆಲ್ಬರ್ನ್‌ನ ಒಂದು ವಿಶ್ವವಿದ್ಯಾಲಯದಲ್ಲಿ ಅಪರಾಧಗಳ ಅಂಕಿಅಂಶ ಇಟ್ಟುಕೊಂಡು ಸಂಶೋಧನೆ ಮಾಡುತ್ತಿದ್ದಳು. ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ ಮರಣದಂಡನೆಯಿಂದ ಕೊಲೆಗಳು ಕಡಿಮೆಯಾಗಿವೆಯೇ ಎಂಬುದು ಅವಳ ವಿಷಯ. ನನ್ನ ಗಂಡ ಅವಳನ್ನು ಮೊದಲು ಕಂಡದ್ದು ಎರಡು ಸಾವಿರದ ನಾಲ್ಕರ ಯುಗಾದಿಯಲ್ಲಿ, ಮೆಲ್ಬರ್ನ್ ಕನ್ನಡಿಗರ ಕಾರ್ಯಕ್ರಮದಲ್ಲಿ. ನಾನೂ ಅಲ್ಲಿದ್ದೆ. ಅವಳು ಉಟ್ಟಿದ್ದ ಇಳಕಲ್ ಸೀರೆಯನ್ನು ಮೊದಲು ಹೊಗಳಿದವಳು ನಾನೇ.

ಟೆಕ್ಸಸ್ ಎಂಬ ಹೆಸರು ನಮ್ಮ ಮನೆಗೆ ಹೊಸದಲ್ಲ. ಸುಕೇಶರ ಸೋದರಮಾವ ಮೋಹನದಾಸ ಅಲ್ಲಿನ ಒಂದು ಸಣ್ಣ ಊರಿನಲ್ಲಿ ಮೊಟೆಲ್ ನಡೆಸುತ್ತಿದ್ದರು. ಮದುವೆಯಾಗಿರಲಿಲ್ಲ. ಎರಡು ವರ್ಷದ ಹಿಂದೆ ಒಂದು ಮುಂಜಾನೆ ಕೌಂಟರಿನ ಹಣಕ್ಕಾಗಿ ಯಾರೋ ಅವರನ್ನು ಗುಂಡಿಕ್ಕಿ ಕೊಂದರು. ಸುಕೇಶ್ ವಿಮಾನ ಹತ್ತಿ ಹೋಗಿ ಮಾವನಿಗೆ ಬೆಂಕಿ ಕೊಟ್ಟು ಬಂದರು. ಬಂದ ಮೇಲೆ ಆ ಮಾತನ್ನು ಎತ್ತಲಿಲ್ಲ. ನಾನೂ ಕೆದಕಲಿಲ್ಲ. ನಾವು ಬಂಟರು, ಅಳಿಯಸಂತಾನದವರು. ಕಾನೂನು ಬದಲಾಗಿ ಎಷ್ಟೋ ಕಾಲವಾಯಿತು, ಆದರೆ ಮನಸ್ಸಿನಲ್ಲಿ ಇಂದಿಗೂ ಮಾವನ ವಾರಸುದಾರ ಅಕ್ಕನ ಮಗನೇ. ಬಳಿ ಎಂದರೆ ಕುಲದ ಕವಲು, ಅದು ಬರುವುದು ತಾಯಿಯಿಂದ. ಹಾಗಾಗಿ ಹೆಂಡತಿ ಎಷ್ಟು ವರ್ಷ ಸಂಸಾರ ಮಾಡಿದರೂ ಗಂಡನ ಬಳಿಯವಳಲ್ಲ. ಮಾವ–ಅಳಿಯಂದಿರ ನಡುವೆ ಅವಳು ಕೈ ಹಾಕಬಾರದು ಎಂಬುದನ್ನು ನನಗೆ ಚಿಕ್ಕಂದಿನಿಂದ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆ ವರ್ಷ ನವೆಂಬರಿನ ರಾಜ್ಯೋತ್ಸವಕ್ಕೆ ಮೆಲ್ಬರ್ನ್‌ನಲ್ಲಿ ಒಂದು ತಾಳಮದ್ದಳೆ ಮಾಡೋಣ ಎಂದು ಹೊರಟವರು ಸುಕೇಶ್. ಪುರಾಣ ಬೇಡ, ಟೆಕ್ಸಸ್ಸನ್ನೇ ಪ್ರಸಂಗ ಮಾಡೋಣ ಎಂದವರೂ ಅವರೇ. ಮರಣದಂಡನೆಗೆ ಗುರಿಯಾದವನ ತಾಯಿ ದೊರೆಯ ಬಾಗಿಲಿಗೆ ಬರುತ್ತಾಳೆ. ದೊರೆ ಸುಕೇಶ್, ತಾಯಿ ಮಹಾಶ್ವೇತಾ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ; ಭಾಗವತರು ಹಾಡುತ್ತಾರೆ, ಅರ್ಥಧಾರಿಗಳು ಕುಳಿತಲ್ಲೇ ವಾದಿಸುತ್ತಾರೆ. ಎದುರಿನವರು ಏನು ಕೇಳುತ್ತಾರೆಂದು ಮೊದಲೇ ಗೊತ್ತಿರುವುದಿಲ್ಲ. ಅದೇ ಅದರ ರುಚಿ. ನನ್ನ ಅಪ್ಪ ಉಡುಪಿಯ ಕಡೆ ಹೆಸರಿದ್ದ ಅರ್ಥಧಾರಿ. ಕೂಟದ ಹಿಂದಿನ ದಿನ ಎದುರಾಳಿಯ ಮನೆಯಲ್ಲಿ ಕಾಫಿ ಸಹ ಕುಡಿಯಬಾರದು ಎನ್ನುತ್ತಿದ್ದರು. ಕಾಫಿಯ ಜೊತೆ ಒಂದು ಮಾತು ಹೊರಗೆ ಬಿದ್ದರೂ ಮರುದಿನ ಅದು ಹಳಸಲು.

ಹಾಗಿರುವಾಗ ದಿನ ಬಿಟ್ಟು ದಿನ ಫೋನು.

"ಅರ್ಥಧಾರಿಗಳು ಮೊದಲೇ ಮಾತಾಡಿಕೊಳ್ಳುವ ಕ್ರಮ ಉಂಟಾ?" ಎಂದು ಒಂದು ದಿನ ಕೇಳಿದೆ. ಮನೆಯಲ್ಲಿ ನಮ್ಮ ಮಾತು ತುಳು. ಕೇಳುವಾಗ ದನಿ ಏರದಂತೆ ನೋಡಿಕೊಂಡೆ.

"ಪಾಪ, ಅವಳಿಗೆ ತಾಳಮದ್ದಳೆ ಅಂದರೆ ಎಂತ ಗೊತ್ತುಂಟು? ಸ್ವಲ್ಪ ಹೇಳಿಕೊಡ್ತಾ ಇದ್ದೇನೆ."

"ನಿಮಗೆ ಹೇಳಿಕೊಟ್ಟದ್ದು ನನ್ನ ಅಪ್ಪ. ಅವಳಿಗೆ ಹೇಳಿಕೊಡುವುದಿದ್ದರೆ ನಾನು ಹೇಳಿಕೊಡ್ತಿದ್ದೆ."

"ನೀನು ಹೇಳಿಕೊಟ್ಟರೆ ಅವಳು ಗೆಲ್ತಾಳೆ ಮಾರಾಯ್ತಿ" ಎಂದು ನಕ್ಕರು.

ನಾನು ನಗಲಿಲ್ಲ. ಮೇಜಿನ ಆಚೆ ಹೋಮ್‌ವರ್ಕ್ ಮಾಡುತ್ತಿದ್ದ ಮಗಳು ಭವ್ಯಶ್ರೀ ತಲೆ ಎತ್ತದೆ, "ಅಮ್ಮಾ, ಇಟ್ಸ್ ಓನ್ಲಿ ಶ್ವೇತಾ ಆಂಟಿ" ಎಂದಳು. ಮಹಾಶ್ವೇತಾ ನಮ್ಮ ಮನೆಯಲ್ಲಿ ಯಾವಾಗ ಶ್ವೇತಾ ಆದಳು ಎಂದು ನಾನು ಆ ರಾತ್ರಿ ಪೂರ್ತಿ ಯೋಚಿಸಿದೆ.

ನನ್ನ ಕೆಲಸವೇ ಅಂಥದ್ದು. ನಾರ್ತ್ ಸಿಡ್ನಿಯ ಒಂದು ವಿಮಾ ಕಂಪನಿಯಲ್ಲಿ ಕ್ಲೈಮುಗಳನ್ನು ಪರಿಶೀಲಿಸುವುದು. ಜನ ಸುಳ್ಳು ಹೇಳುವಾಗ ಹೆಚ್ಚು ವಿವರ ಕೊಡುತ್ತಾರೆ. ನಿಜವನ್ನು ಮುಚ್ಚಿಡುವಾಗ ವಿವರ ಕಡಿಮೆ ಮಾಡುತ್ತಾರೆ. ಸುಕೇಶ್ ವಿವರ ಕಡಿಮೆ ಮಾಡಿದ್ದರು. ಮೊದಲು ನಾರ್ವೆಸ್ಟಿನ ಆಫೀಸಿನಿಂದ ಬಂದ ಕೂಡಲೇ ಇಡೀ ದಿನದ ಕತೆ ಹೇಳುತ್ತಿದ್ದ ಮನುಷ್ಯ ಈಗ ಊಟದ ನಡುವೆ ಕೊಲೆಗಳ ಲೆಕ್ಕ ಮಾತ್ರ ಹೇಳುತ್ತಿದ್ದರು.

"ತೊಂಬತ್ತರ ದಶಕದಲ್ಲಿ ಟೆಕ್ಸಸ್‌ನಲ್ಲಿ ಕೊಲೆಯ ಪ್ರಮಾಣ ಅರ್ಧಕ್ಕಿಂತ ಕೆಳಗೆ ಬಂತು. ಅದೇ ಹೊತ್ತಿಗೆ ಅಲ್ಲಿ ಮರಣದಂಡನೆ ಜಾಸ್ತಿಯಾಯಿತು. ಹಾಗಾದರೆ ಗಲ್ಲಿಗೆ ಹೆದರಿ ಜನ ಕೊಲ್ಲುವುದು ಬಿಟ್ಟರು ಅಂತ ಹೇಳಬಹುದಲ್ಲ?"

"ಹೇಳಬಹುದು."

"ಆದರೆ ನ್ಯೂಯಾರ್ಕ್‌ನಲ್ಲಿ ಆ ವರ್ಷಗಳಲ್ಲಿ ಒಬ್ಬನಿಗೂ ಮರಣದಂಡನೆ ಆಗಲಿಲ್ಲ. ಅಲ್ಲಿಯೂ ಅಷ್ಟೇ ಇಳಿಯಿತು."

"ಇದು ಯಾರು ಹೇಳಿದ್ದು?"

"ಶ್ವೇತಾ."

"ದೊರೆಯ ಅರ್ಥ ನಿಮ್ಮದು. ತಾಯಿಯ ವಾದವನ್ನು ನೀವು ಯಾಕೆ ಕಲಿಯುವುದು?"

ಅವರು ಅರ್ಧ ಊಟದಲ್ಲಿ ಎದ್ದು ಕೈ ತೊಳೆದರು.

ಮುಂದಿನ ವಾರ ಸೆಕೆ ಎಂದು ಅಡುಗೆಮನೆಯ ಕಿಟಕಿ ತೆರೆದಿಟ್ಟಿದ್ದೆ. ಸೆಕೆ ಇತ್ತು ಎಂಬುದು ಸುಳ್ಳಲ್ಲ. ತಂತಿಯ ಬಳಿ ನಿಂತು ಸುಕೇಶ್ ಮೆಲ್ಲಗೆ ಹೇಳುತ್ತಿದ್ದರು: "ನಿನಗೆ ಹೇಳಿದಷ್ಟು ನಾನು ಯಾರಿಗೂ ಹೇಳಿಲ್ಲ ಶ್ವೇತಾ." ಕೈಯಲ್ಲಿದ್ದ ಸಾರಿನ ಪಾತ್ರೆಯನ್ನು ನಾನು ತೊಳೆದೆ, ಒರೆಸಿದೆ, ಮತ್ತೆ ತೊಳೆದೆ.

ಕಾರ್ಯಕ್ರಮದ ಹಿಂದಿನ ಸಂಜೆ ಮೆಲ್ಬರ್ನ್‌ಗೆ ಹೋದೆವು. ಮೊಟೆಲಿನಲ್ಲಿ ರೂಮು ಬುಕ್ ಮಾಡುವ ಎಂದೆ. ಮಹಾಶ್ವೇತಾಳ ಮನೆಯವರಿಗೆ ಬೇಸರವಾಗ್ತದೆ ಎಂದು ಸುಕೇಶ್ ಕೇಳಲಿಲ್ಲ. ಕ್ಲೇಟನ್ನಿನ ಅವರ ಮನೆಯ ಬಾಗಿಲಲ್ಲೇ ಮಹಾಶ್ವೇತಾ ನನ್ನ ಎರಡೂ ಕೈ ಹಿಡಿದಳು.

"ಬರ್ರಿ ಬರ್ರಿ ಸುಗುಣಾಕ್ಕಾರ. ಹಾದಿ ನೋಡಿ ನೋಡಿ ಸಾಕಾತು."

ಊರಿಂದ ಬಂದಿದ್ದ ಅವಳ ಅತ್ತೆ ಗಿರಿಜವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನವಾ, ಇಷ್ಟ್ಯಾಕ ಸೊರಗೀದಿ? ಎಲ್ಲಾ ನಿನ್ನ ಗಂಡನ ಉಣ್ತಾನೇನು?" ಎಂದರು. ಎಲ್ಲರೂ ನಕ್ಕರು. ಆಕೆಯ ಮಗ ಸಂಜು, ಮಹಾಶ್ವೇತಾಳ ಗಂಡ, ಕ್ರಿಕೆಟ್ ನೋಡುತ್ತ ಕುಳಿತಿದ್ದವನು, "ಅಕ್ಕಾರ, ನಮ್ಮ ಮನ್ಯಾಗ ಬರೇ ಟೆಕ್ಸಸ್ ನೋಡ್ರಿ. ಚಾ ಸೋಸೂ ಮುಂದನೂ ಹೆಣದ ಸುದ್ದಿ" ಎಂದ. ನಾನು ಅವನ ಮುಖವನ್ನು ಗಮನಿಸಿದೆ. ನನಗಿದ್ದ ಅಳುಕು ಅವನಿಗೆ ಸ್ವಲ್ಪವೂ ಇರಲಿಲ್ಲ. ಒಂದೋ ಅವನು ದಡ್ಡ, ಇಲ್ಲವೇ ನಾನು.

ಕಾಫಿ ಬಂತು. ಅಪ್ಪನ ಮಾತು ನೆನಪಾಯಿತು. ಸುಕೇಶ್ ಬೇಡ ಎನ್ನಲಿಲ್ಲ. ಅವರಿಗೆ ಸಕ್ಕರೆ ಎಷ್ಟು ಎಂದು ಮಹಾಶ್ವೇತಾ ನನ್ನನ್ನೇ ಕೇಳಿದಳು. ಅಷ್ಟಾದರೂ ತಿಳಿಯದಲ್ಲ ಎಂದು ನನಗೆ ಒಂದು ಕ್ಷಣ ಹಗುರವಾಯಿತು.

ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ. ಮಾತು ನಾಳೆಯ ಪ್ರಸಂಗಕ್ಕೆ ತಿರುಗಿತು. "ಗಲ್ಲಿಗೆ ಹಾಕುವವರ ಮನಸ್ಸು ಹೇಗಿರುತ್ತದೋ" ಎಂದು ನಾನು ಸುಮ್ಮನೆ ಅಂದೆ.

"ಅಲ್ಲಿ ಗಲ್ಲಿಲ್ರಿ ಅಕ್ಕಾರ. ಮಲಗಿಸಿ ಸೂಜಿ ಚುಚ್ಚತಾರ" ಎಂದಳು ಮಹಾಶ್ವೇತಾ. ನನ್ನನ್ನು ತಿದ್ದಿದ್ದು ಅವಳಿಗೇ ಮುಜುಗರವಾಯಿತೇನೋ, ಮಾತು ಬದಲಿಸಲು ಹೋದಳು. "ಹಂಗ ನೋಡಿದ್ರ ಮೋಹನದಾಸ ಮಾಮಾರ ಕೌಂಟರಿಗೆ ಗುಂಡು ತಡಿಯೂ ಗಾಜು ಇತ್ತಂತಲ್ರಿ. ಬಂದವ್ರ ಮಾರಿ ಸರಿಯಾಗಿ ಕಾಣಂಗಿಲ್ಲ ಅಂತ ಅವರ ತಗಿಸಿಬಿಟ್ಟಿದ್ರಂತ. ಎಂಥಾ ಮನಷ್ಯಾರು."

ಆ ಗಾಜಿನ ವಿಷಯ ನನಗೆ ಗೊತ್ತಿರಲಿಲ್ಲ.

ಸುಕೇಶ್ ತಟ್ಟೆ ನೋಡುತ್ತಿದ್ದರು. ಮಹಾಶ್ವೇತಾ ನನ್ನ ಮುಖ ನೋಡಿದಳು, ಅವರ ಮುಖ ನೋಡಿದಳು, ತಿಳಿದುಕೊಂಡಳು. "ಇನ್ನೊಂದು ರೊಟ್ಟಿ ಹಾಕ್ಲೇನ್ರಿ?" ಎಂದಳು.

"ಬೇಡ" ಎಂದೆ.

ಅವರು ಅವಳ ಕೈ ಹಿಡಿದಿದ್ದರೆ ಅದಕ್ಕೊಂದು ಹೆಸರಿತ್ತು, ಜಗಳಕ್ಕೆ ದಾರಿಯಿತ್ತು. ಸತ್ತ ಮಾವನನ್ನು ಅವಳ ಮುಂದೆ ಬಿಚ್ಚಿಟ್ಟದ್ದಕ್ಕೆ ಏನೆಂದು ಜಗಳವಾಡಲಿ? ಬಳಿಯವಳಲ್ಲದ ಹೆಂಡತಿಗೆ ಹೇಳದೆ ಉಳಿದದ್ದು ಪದ್ಧತಿ ಎಂದುಕೊಂಡು ಎರಡು ವರ್ಷ ಸುಮ್ಮನಿದ್ದೆ. ಧಾರವಾಡದವಳು ಯಾವ ಬಳಿ?

ಮರುದಿನ ಮಧ್ಯಾಹ್ನ ಸಭಾಂಗಣ ತುಂಬಿತ್ತು. ಭಾಗವತರು ಮೆಲ್ಬರ್ನ್‌ನಲ್ಲೇ ಸಿಕ್ಕಿದ್ದ ಕುಂದಾಪುರದವರು. ಸುಕೇಶ್ ದೊರೆಯಾಗಿ ಚೆನ್ನಾಗಿಯೇ ಶುರು ಮಾಡಿದರು. ಪ್ರಜೆಗಳ ಭಯವೇ ನನ್ನ ಖಡ್ಗ ಎಂದರು, ಕಳೆ ಕೀಳದೆ ಬೆಳೆ ಬಾರದು ಎಂದರು. ಅಪ್ಪನ ಧಾಟಿ ಅಲ್ಲಲ್ಲಿ ಕೇಳಿಸಿತು. ಮಹಾಶ್ವೇತಾ ತಾಳಮದ್ದಳೆಯ ಭಾಷೆಗೆ ಹೋಗಲೇ ಇಲ್ಲ. ತನ್ನ ಊರಿನ ಮಾತಿನಲ್ಲೇ ಕೇಳಿದಳು.

"ದೊರೀ, ನನ್ನ ಮಗನ್ನ ಕೊಂದ್ರ ನಾಳೆ ನಿನ್ನ ರಾಜ್ಯದಾಗ ಒಂದರ ಕೊಲಿ ಕಡಿಮಿ ಆಗ್ತದೇನು? ಆಗ್ತದ ಅಂತ ಹೇಳು. ನಾನ ಹಗ್ಗಾ ತಂದು ಕೊಡ್ತೇನಿ."

ಸುಕೇಶ್ ಬಾಯಿ ತೆರೆದರು, ಮುಚ್ಚಿದರು. ಭಾಗವತರು ಕಾದರು, ತಾಳವನ್ನು ಮೆಲ್ಲಗೆ ಒಮ್ಮೆ ತಟ್ಟಿ ನೆನಪಿಸಿದರು. ಕೊನೆಗೆ ಸುಕೇಶ್, "ತಾಯಿ, ನನ್ನಲ್ಲಿ ಉತ್ತರವಿಲ್ಲ. ಸತ್ತವನ ಮನೆಯವರನ್ನು ಕೇಳಿದ್ದೇವೆ. ಅವರೂ ಇನ್ನೂ ಬಾಯಿ ಬಿಟ್ಟಿಲ್ಲ" ಎಂದರು. ಮಹಾಶ್ವೇತಾ ಪಾತ್ರ ಮರೆತು ತನ್ನ ಮುಂದಿದ್ದ ನೀರಿನ ಲೋಟವನ್ನು ಅವರತ್ತ ಸರಿಸಿದಳು. ಭಾಗವತರು ಮಂಗಳ ಹಾಡಿ ಮುಗಿಸಿದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಎಂಥ ಅಭಿನಯ ಎಂದು ನನ್ನ ಪಕ್ಕದವರು ಕಣ್ಣೊರೆಸಿಕೊಂಡರು.

ನಾನು ಚಪ್ಪಾಳೆ ತಟ್ಟಲಿಲ್ಲ. ಅರ್ಥಧಾರಿ ತಪ್ಪು ಉತ್ತರ ಕೊಟ್ಟಾನು, ಹಾಸ್ಯ ಮಾಡಿ ಜಾರಿಕೊಂಡಾನು, ಆದರೆ ಪ್ರಶ್ನೆಯನ್ನು ಹಾಗೆ ನೆಲಕ್ಕೆ ಬಿಡುವುದಿಲ್ಲ. ಅಪ್ಪನಿಂದ ಕಲಿತವರು ಬಿಟ್ಟಿದ್ದಾರೆ ಎಂದರೆ ಅದು ಪಾತ್ರವಲ್ಲ.

ಕಾರು ನಿಲ್ಲಿಸುವ ಜಾಗದಲ್ಲಿ ಅವರನ್ನು ಹಿಡಿದೆ.

"ಯಾರನ್ನು ಯಾರು ಕೇಳಿದ್ದಾರೆ?"

"ಎಂತದ್ದು?"

"ಸತ್ತವನ ಮನೆಯವರನ್ನು ಕೇಳಿದ್ದೇವೆ ಅಂದಿರಲ್ಲ. ಯಾರು ಕೇಳಿದ್ದು?"

ಅವರು ಯಾರದೋ ಕಾರಿಗೆ ಒರಗಿ ನಿಂತರು. ಆಮೇಲೆ ಹೇಳಿದರು. ಆಗಸ್ಟಿನಲ್ಲಿ ಟೆಕ್ಸಸ್‌ನಿಂದ ಅವರ ಆಫೀಸಿಗೆ ಫೋನು ಬಂದಿತ್ತು, ಸರ್ಕಾರಿ ವಕೀಲರ ಕಚೇರಿಯ ಒಬ್ಬ ಹೆಂಗಸು. ಮಾವನನ್ನು ಕೊಂದವನ ವಿಚಾರಣೆ ಶುರುವಾಗಲಿದೆ. ಮರಣದಂಡನೆ ಕೇಳುವುದೋ ಬೇಡವೋ ಎಂಬುದು ವಕೀಲರ ತೀರ್ಮಾನ, ಆದರೆ ಮನೆಯವರ ಮನಸ್ಸು ತಿಳಿಯಬೇಕು. ಹೆಂಡತಿ ಮಕ್ಕಳಿಲ್ಲದ ಮನುಷ್ಯನ ಕಡೆಯವರು ಯಾರು ಎಂದು ಅವರು ಊರಿಗೆ ಕೇಳಿದ್ದರಂತೆ. ಒಡಹುಟ್ಟಿದ ಅಕ್ಕ ಬದುಕಿದ್ದಾರೆ, ಸುಕೇಶರ ಅಮ್ಮ. ಆಕೆ, "ಅಳಿಯ ಇದ್ದಾನೆ, ಅವನನ್ನು ಕೇಳಿ" ಎಂದು ನನ್ನ ಗಂಡನ ಹೆಸರು ಕೊಟ್ಟಿದ್ದರು. ಅಕ್ಕನನ್ನು ಬಿಟ್ಟು ಅಕ್ಕನ ಮಗ ಯಾಕೆ ಎಂದು ಆ ಹೆಂಗಸಿಗೆ ವಿಚಿತ್ರವಾಗಿತ್ತಂತೆ. ನನಗೆ ಆಗಲಿಲ್ಲ.

"ಬುಧವಾರದ ಒಳಗೆ ಹೇಳಬೇಕು" ಎಂದರು.

"ಆಗಸ್ಟಿನಿಂದ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಅವಳಿಗೆ ಹೇಳಿದಿರಿ. ನನಗೆ ಇಲ್ಲ."

"ಅವಳಿಗೆ ಆ ವಿಷಯ ಗೊತ್ತುಂಟು, ಸುಗುಣಾ. ಅದನ್ನೇ ಓದಿದವಳು. ಒಬ್ಬನನ್ನು ಕೊಂದರೆ ಇನ್ನೊಬ್ಬ ಉಳಿಯುತ್ತಾನೆ ಅಂತಾದರೆ ನಾನು ಕಣ್ಣು ಮುಚ್ಚಿ ಹೌದು ಅಂತಿದ್ದೆ. ಅದನ್ನು ಕೇಳಲಿಕ್ಕೆ ಶುರು ಮಾಡಿದ್ದು."

"ಲೆಕ್ಕ ಕೇಳಲಿಕ್ಕೆ ಗಾಜಿನ ಕತೆ ಹೇಳಬೇಕಾ? ನನಗೆ ಯಾಕೆ ಹೇಳಲಿಲ್ಲ?"

"ಸುದ್ದಿ ಬಂದ ದಿನ ನೀನು ಎಂತ ಹೇಳಿದ್ದೆ, ನೆನಪುಂಟಾ?"

ನೆನಪಿತ್ತು. ಅವನನ್ನು ಬಿಡಬಾರದು, ಅವನೂ ಹಾಗೇ ಸಾಯಬೇಕು ಎಂದಿದ್ದೆ.

"ನಾನು ಕೇಳಿದರೆ ನೀನು ಮತ್ತೆ ಅದನ್ನೇ ಹೇಳ್ತಿದ್ದೆ. ನೀನು ಒಂದು ಹೇಳಿದ ಮೇಲೆ ನಾನು ಬೇರೆ ಮಾಡಿದ್ದು ಉಂಟಾ, ಮದುವೆಯಾದ ಮೇಲೆ? ಶ್ವೇತಾ ಎಂತ ಹೇಳಿದರೂ ನಾನು ಬಿಸಾಡಬಹುದು. ನಿನ್ನ ಮಾತು ಹಾಗಲ್ಲ."

ಇದು ಹೊಗಳಿಕೆಯೋ ದೂರೋ ನನಗೆ ತಿಳಿಯಲಿಲ್ಲ. ಸಭಾಂಗಣದ ಬಾಗಿಲಲ್ಲಿ ಮಹಾಶ್ವೇತಾ ನಿಂತು ನಮ್ಮತ್ತ ನೋಡುತ್ತಿದ್ದಳು, ಹತ್ತಿರ ಬರಲಿಲ್ಲ.

"ಅವಳು ಎಂತ ಹೇಳಿದಳು?"

"ಬೇಡ ಅಂತ."

"ಈಗ ನನ್ನನ್ನು ಕೇಳ್ತಿದ್ದೀರಾ?"

"ಹ್ಞೂಂ. ಈಗ ಕೇಳ್ತಿದ್ದೇನೆ."

ಬೇಕು ಎಂಬ ಮಾತು ತುಟಿಯವರೆಗೆ ಬಂದಿತ್ತು. ಅದು ಮಾವನಿಗಾಗಿ ಬಂದದ್ದಲ್ಲ. ಅವಳು ಬೇಡ ಎಂದಿದ್ದಳು, ಅದಕ್ಕೆ. ಬಾಗಿಲಲ್ಲಿ ನಿಂತ ಆ ಹೆಂಗಸಿನ ಎರಡು ತಿಂಗಳ ಮಾತು ನನ್ನ ಒಂದು ಮಾತಿಗೆ ಬಿದ್ದುಹೋಗುತ್ತದೆ ಎಂದು ನನಗೆ ಖಾತ್ರಿಯಿತ್ತು, ಮತ್ತು ಹಾಗೆ ಬೀಳುವುದನ್ನು ನೋಡಬೇಕೆಂದು ಆಸೆಯಾಗಿತ್ತು. ಟೆಕ್ಸಸ್‌ನ ಯಾವುದೋ ಜೈಲಿನಲ್ಲಿ ಕುಳಿತವನಿಗೆ ನನ್ನ ಹೆಸರೂ ಗೊತ್ತಿಲ್ಲ.

"ಇಲ್ಲಿ ಹೇಳುವುದಿಲ್ಲ. ಮನೆಗೆ ಹೋಗುವ" ಎಂದೆ. "ಅವಳ ಊರಿನಲ್ಲಿ ನಿಂತು ನಾನು ಹೇಳಲಾರೆ."

ಭಾನುವಾರ ಸಂಜೆ ಸಿಡ್ನಿಯಲ್ಲಿ ನಾನೇ ಅವರನ್ನು ಹಿತ್ತಿಲಿಗೆ ಕರೆದೆ. ಅವರು ಫೋನು ಹಿಡಿದು ಸುತ್ತುತ್ತಿದ್ದ ತಂತಿಯ ಕೆಳಗೆ ಎರಡು ಕುರ್ಚಿ ಹಾಕಿದೆ. ಮಹಾಶ್ವೇತಾಳಿಗೆ ಹೇಳಿದ್ದನ್ನೆಲ್ಲ ನನಗೂ ಹೇಳಿ ಎಂದೆ. ಹೇಳಿದರು. ಗಾಜಿನ ಕತೆ, ಮೊಟೆಲಿನ ಹಿಂದೆ ಮಾವ ಡ್ರಮ್ಮಿನಲ್ಲಿ ಬೆಳೆಸಿದ್ದ ಬಸಳೆಯ ಕತೆ, ಬೆಂಕಿ ಕೊಡುವಾಗ ಅಲ್ಲಿನ ಚಿತಾಗಾರದಲ್ಲಿ ಬರೀ ಒಂದು ಗುಂಡಿ ಒತ್ತಬೇಕಾಗಿ ಬಂದ ಕತೆ. ಗುಂಡಿ ಒತ್ತಿದ್ದನ್ನು ಹೇಳುವಾಗ ಅತ್ತರು. ನಾನು ಅಳದೆ ಕೇಳಿದೆ. ಇದನ್ನು ಅವಳೂ ಕೇಳಿದ್ದಾಳೆ ಎಂಬುದೇ ಒಳಗೆ ಕುಟುಕುತ್ತಿತ್ತು.

"ಕೊಂದವನು ಯಾರು?" ಎಂದೆ.

"ಅದೇ ಊರಿನವನು. ಇಪ್ಪತ್ತೇಳೋ ಎಂಟೋ ವರ್ಷ. ಟಯರ್ ಅಂಗಡಿಯಲ್ಲಿ ಕೆಲಸಕ್ಕಿದ್ದನಂತೆ."

"ಮದುವೆ ಆಗಿದೆಯಾ?"

"ಇಲ್ಲ. ಕೋರ್ಟಿಗೆ ಪ್ರತಿ ಸಲ ಅವನ ಅಕ್ಕ ಬರ್ತಾಳಂತೆ. ಆ ಹೆಂಗಸು ಫೋನಿನಲ್ಲಿ ಹೇಳಿದ್ದು. ಅಕ್ಕ, ಮತ್ತೆ ಅಕ್ಕನ ಮಗ."

"ಅಕ್ಕನ ಮಗನಾ?"

"ಏಳೆಂಟು ವರ್ಷದ ಹುಡುಗ. ಅವನನ್ನು ಸಾಕಿದ್ದು ಇವನೇ ಅಂತೆ."

ಗಾಳಿಗೆ ತಂತಿಯ ಚೌಕಟ್ಟು ಸ್ವಲ್ಪ ತಿರುಗಿ ನಿಂತಿತು. ಆ ಕೊಲೆಗಾರನ ಮೇಲೆ ನನ್ನ ಸಿಟ್ಟು ಒಂದು ಚೂರೂ ಇಳಿದಿರಲಿಲ್ಲ, ಆದರೆ ಅವನು ಸತ್ತರೆ ಗುಂಡಿ ಒತ್ತಲು ನಿಲ್ಲುವವನು ಯಾರು ಎಂಬುದು ನನಗೆ ಕಂಡಿತು. ನನ್ನ ಎದುರಿನ ಕುರ್ಚಿಯಲ್ಲಿ ಅಂಥ ಒಬ್ಬ ಅಳಿಯ ಕುಳಿತಿದ್ದರು.

"ಇದನ್ನು ಅವಳಿಗೆ ಹೇಳಿದ್ದೀರಾ? ಅಕ್ಕನ ಮಗನ ವಿಷಯ?"

"ಇಲ್ಲ."

"ಯಾಕೆ?"

"ಅವಳ ಕಡೆ ಸೋದರಮಾವ ಅಂದರೆ ಮದುವೆಗೆ ಗಂಡು ಮಾರಾಯ್ತಿ. ಅವಳಿಗೆ ಹೇಗೆ ಅರ್ಥ ಮಾಡಿಸುವುದು?"

ನಗು ಬಂತು. ಆ ಹೊತ್ತಿನಲ್ಲಿ ನಗಬಾರದಿತ್ತು. ತಡೆಯಲಾಗಲಿಲ್ಲ. ಅವರೂ ಒದ್ದೆ ಕಣ್ಣಿನಲ್ಲೇ ನಕ್ಕರು.

"ಅವನು ಜೈಲಿನಲ್ಲೇ ಮುದುಕನಾಗಲಿ" ಎಂದೆ. "ಆ ಹುಡುಗ ದೊಡ್ಡವನಾಗಿ ಬಂದು ಮಾವನ ಮುಖ ನೋಡಲಿ, ಬೈಯುವುದಿದ್ದರೆ ಬೈಯಲಿ. ಕೊಲ್ಲುವುದು ಬೇಡ."

"ನೀನು ಹೇಳ್ತಿರುವುದಾ, ಇಲ್ಲ ನನಗೆ ಬೇಡ ಅಂತ ಗೊತ್ತಾಗಿ ಹೇಳ್ತಿರುವುದಾ?"

"ನಾನೇ ಹೇಳ್ತಿರುವುದು. ಅವಳು ಹೇಳಿದ್ದೂ ಅದೇ ಆಯ್ತಲ್ಲ ಅಂತ ನನಗೆ ಸಂಕಟ ಆಗ್ತಾ ಉಂಟು. ಆದರೂ ಹೇಳ್ತಿದ್ದೇನೆ."

ಮಂಗಳವಾರ ಬೆಳಿಗ್ಗೆ ಆಫೀಸಿಗೆ ಹೊರಡುವ ಮೊದಲು ಸುಕೇಶ್ ಟೆಕ್ಸಸ್‌ಗೆ ಫೋನು ಮಾಡಿದರು. ಹಿತ್ತಿಲಿಗೆ ಹೋಗಲಿಲ್ಲ, ಅಡುಗೆಮನೆಯಲ್ಲೇ ನಿಂತರು. ನಾನು ಪಕ್ಕದಲ್ಲಿದ್ದೆ. ಮೋಹನದಾಸ ಅವರ ಪರವಾಗಿ ಕುಟುಂಬ ಮರಣದಂಡನೆಯನ್ನು ಕೇಳುವುದಿಲ್ಲ ಎಂದರು. ಆಚೆಯ ಹೆಂಗಸು ಬರೆದುಕೊಂಡಳು. ಕೊನೆಯ ತೀರ್ಮಾನ ವಕೀಲರದು, ಆದರೆ ನಿಮ್ಮ ಮಾತನ್ನು ಅವರ ಮುಂದಿಡುತ್ತೇನೆ ಎಂದಳಂತೆ. ಫೋನು ಇಟ್ಟ ಮೇಲೆ ಅವರು ಸಿಂಕಿನಲ್ಲಿ ಮುಖ ತೊಳೆದುಕೊಂಡರು.

"ಶ್ವೇತಾಗೂ ಒಂದು ಮಾತು ಹೇಳಬೇಕಲ್ಲ" ಎಂದರು.

"ನೀವು ಹೊರಡಿ, ತಡವಾಯಿತು. ನಾನು ಹೇಳ್ತೇನೆ."

ಅವರು ನನ್ನನ್ನು ನೋಡಿದರು. ಬೀಗದ ಕೈ ತೆಗೆದುಕೊಂಡು ಹೋದರು. ನಾನು ಫೋನು ಎತ್ತಿಕೊಂಡೆ. ನಂಬರು ಹುಡುಕಬೇಕಾಗಲಿಲ್ಲ.

"ಅಕ್ಕಾರ!" ಎಂದಳು ಮಹಾಶ್ವೇತಾ. ಹೆದರಿದಂತಿತ್ತು.

"ಟೆಕ್ಸಸ್‌ನವರಿಗೆ ಹೇಳಿಯಾಯಿತು. ಮರಣದಂಡನೆ ಬೇಡ ಅಂದೆವು."

"ಭಾಳ ಛಲೋ ಆತ್ರಿ" ಎಂದು ದೊಡ್ಡ ಉಸಿರು ಬಿಟ್ಟಳು. ಅವಳು ನಿಜವಾಗಿಯೂ ಸಂತೋಷಪಟ್ಟಳು, ಅದು ನನಗೆ ಕೇಳಿಸಿತು. "ನಾ ಕಳಿಸಿದ್ದ ಅಂಕಿಅಂಶ ನೋಡಿದ್ರೇನ್ರಿ? ನ್ಯೂಯಾರ್ಕಿಂದು?"

"ಇಲ್ಲ. ಅದನ್ನು ನೋಡಿ ಹೇಳಿದ್ದಲ್ಲ."

"ಮತ್ತ ಯಾಕ್ರಿ?"

"ಅದು ನಮ್ಮ ಮನೆಯ ವಿಷಯ" ಎಂದೆ. ಗಿರಿಜವ್ವನವರಿಗೆ ನಮಸ್ಕಾರ ಹೇಳಿ ಎಂದು ಫೋನು ಇಟ್ಟೆ. ಬೆಳಗಿನ ಪಾತ್ರೆಗಳನ್ನು ಡಿಶ್‌ವಾಷರಿಗೆ ತುಂಬಿದೆ.